ಎಡಗೈಯವನ ಗುಂಡಿ

ಬೂಟಿನ ಲೇಸು ಕಟ್ಟುತ್ತಿದ್ದಾಗ ಲಯನೆಲ್ ಗ್ಯಾರಡ್‌ಗೆ ಅನ್ನಿಸಿತು, ಇವತ್ತು ಸಂಜೆಯೊಳಗೆ ತಾನೊಬ್ಬ ಸುಳ್ಳನೆಂದು ಯಾರಿಗಾದರೂ ಹೇಳಲೇಬೇಕು. ಆದರೆ ಆ ಯೋಚನೆಯ ಜೊತೆಗೇ ಎಡಗಾಲಿನ ಲೇಸಿನ ತುದಿ ಬಿಚ್ಚಿಕೊಂಡು ಕುಂಚದಂತಾಗಿರುವುದೂ ಕಣ್ಣಿಗೆ ಬಿದ್ದು, ಎರಡರಲ್ಲಿ ಯಾವುದು ಹೆಚ್ಚು ಕಿರಿಕಿರಿಯದು ಎಂದು ತೀರ್ಮಾನವಾಗದೆ, ಕಾಲು ಮುಂದೆ ಚಾಚಿಕೊಂಡು ಅಡುಗೆಮನೆಯ ಕುರ್ಚಿಯಲ್ಲಿ ಹಾಗೇ ಕುಳಿತ. ಎದುರಿಗೆ ಫ್ರಿಜ್ಜಿನ ಬಾಗಿಲ ಮೇಲೆ ಹಳ್ಳಿಯ ಮಹಿಳಾ ಸಂಘದ ಹಳದಿ ಚೀಟಿ ಎರಡು ವಾರದಿಂದ ಅಂಟಿಕೊಂಡಿತ್ತು. ‘ನೆಲದಲ್ಲಿ ಲೋಹ ಹುಡುಕುವ ಹವ್ಯಾಸದಿಂದ ಲಾಭ ಮಾಡಬಹುದೇ? ಶ್ರೀ ಎಲ್. ಗ್ಯಾರಡ್ ಅವರಿಂದ ಉಪನ್ಯಾಸ. ಶನಿವಾರ ಮಧ್ಯಾಹ್ನ ಎರಡೂವರೆಗೆ. ಚಹಾ ಮತ್ತು ಕೇಕ್ ಉಂಟು.’ ಚಹಾ ಮತ್ತು ಕೇಕಿನ ಅಕ್ಷರಗಳು ತನ್ನ ಹೆಸರಿಗಿಂತ ದೊಡ್ಡದಾಗಿರುವುದನ್ನು ಅವನು ಮೊದಲ ದಿನವೇ ಗಮನಿಸಿದ್ದ. ನ್ಯಾಯವೇ ಅನ್ನಿಸಿತ್ತು.

“ಏನು, ಭಾಷಣ ಮರೆತುಹೋಯ್ತಾ?” ಗ್ಲೆನಿಸ್ ಕೇಳಿದಳು. ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದವಳು ತಿರುಗಲಿಲ್ಲ. ನಲವತ್ತಾರು ವರ್ಷದ ದಾಂಪತ್ಯದಲ್ಲಿ ಗಂಡ ಸುಮ್ಮನೆ ಕೂತದ್ದು ಬೆನ್ನಿಗೇ ಗೊತ್ತಾಗುವಷ್ಟು ಅಭ್ಯಾಸ ಅವಳಿಗಾಗಿತ್ತು.

“ಬರೆದೇ ಇಲ್ಲ, ಮರೆಯೋದೇನು.”

“ಲಾಭ ಇದೆಯಾ ಅಂತ ಕೇಳೋಕೆ ನಿನ್ನ ಯಾಕೆ ಕರೆದ್ರೋ. ನನ್ನ ಕರೆದಿದ್ರೆ ಅರ್ಧ ನಿಮಿಷ ಸಾಕಿತ್ತು. ಎದ್ದು ನಿಂತು ‘ಇಲ್ಲ’ ಅಂದು, ಕೂತು ಕೇಕ್ ತಿಂತಿದ್ದೆ.”

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು, ಯಾಕೆಂದರೆ ನಿನ್ನೆ ಸಂಜೆ ವಸ್ತುಸಂಗ್ರಹಾಲಯದ ಟ್ಯಾಮ್ಸಿನ್ ಫೋನು ಮಾಡಿದ್ದಳು. ಜಿಲ್ಲೆಯಲ್ಲಿ ಯಾರಿಗೆ ನೆಲದಲ್ಲಿ ಏನು ಸಿಕ್ಕರೂ ಅದನ್ನು ನೋಡಿ, ತೂಗಿ, ಚಿತ್ರ ತೆಗೆದು, ಸಿಕ್ಕ ಜಾಗವನ್ನು ನಕಾಶೆಯ ಮೇಲೆ ಒಂದು ಕೆಂಪು ಚುಕ್ಕೆಯಾಗಿ ಗುರುತಿಸುವುದು ಆ ಹುಡುಗಿಯ ಕೆಲಸ. ಲಯನೆಲ್‌ನ ಹೆಸರಿನಲ್ಲಿ ಇನ್ನೂರಕ್ಕೂ ಹೆಚ್ಚು ಚುಕ್ಕೆಗಳಿದ್ದವು. ಬಕಲು, ಅಂಗಿಯ ಗುಂಡಿ, ಮುದ್ರೆ, ಮುರಿದ ಸೂಜಿ. ಅವನು ಯಾರ ಮುಂದೆಯೂ ಹೇಳಿಕೊಳ್ಳದ ಹೆಮ್ಮೆಯೆಂದರೆ ಅದೇ. ತಾನು ಸತ್ತ ಮೇಲೂ ಯಾರೋ ಒಬ್ಬ ವಿದ್ಯಾರ್ಥಿ ಆ ನಕಾಶೆ ತೆರೆದು, ಇಲ್ಲೊಬ್ಬ ನಂಬಿಕಸ್ಥ ಮನುಷ್ಯ ನಡೆದಾಡಿದ್ದ ಎಂದುಕೊಳ್ಳುತ್ತಾನೆ ಎಂಬ ಕಲ್ಪನೆ ಅವನಿಗೆ ನಿದ್ದೆ ಬಾರದಾಗ ಮಾತ್ರೆಯ ಹಾಗೆ ಕೆಲಸ ಮಾಡುತ್ತಿತ್ತು. “ಲಯನೆಲ್, ನಾಳೆ ನಿಮ್ಮ ಮಾತಿಗೆ ನಾನೂ ಬರ್ತಿದ್ದೀನಿ,” ಎಂದಿದ್ದಳು ಟ್ಯಾಮ್ಸಿನ್. “ಆಮೇಲೊಂದು ಐದು ನಿಮಿಷ ಸಿಗಿ. ಕೆರಿಜ್ ಅವರ ಕುದುರೆ ಮೈದಾನದ ವಿಷಯ ಮಾತಾಡ್ಬೇಕು. ಅಲ್ಲಿ ಅಗೆಸೋಣ ಅಂತಿದ್ದೀನಿ.” ಅಗೆಸೋಣ! ವಿಶ್ವವಿದ್ಯಾಲಯದ ಹುಡುಗರು ಬರುತ್ತಾರೆ, ದಾರ ಕಟ್ಟಿ ಚೌಕ ಮಾಡುತ್ತಾರೆ, ವಾರಗಟ್ಟಲೆ ಬ್ರಷ್ಷು ಹಿಡಿದು ಮಣ್ಣು ಸವರುತ್ತಾರೆ. ಯಾತಕ್ಕೆ? ಅವನು ಸಂತೆಯಲ್ಲಿ ಕೊಂಡುತಂದ ಒಂದು ನಾಣ್ಯಕ್ಕೆ.

ಬಾರ್ಲಿ ಹೊಲದಲ್ಲಿ ಕಟಾವು ಮುಗಿದು ಕೂಳೆ ನಿಂತಿತ್ತು. ಸೆಪ್ಟೆಂಬರಿನ ಬಿಸಿಲು, ಸಫಕ್ ಸೀಮೆಯಲ್ಲಿ ವರ್ಷಕ್ಕೆ ಹತ್ತು ದಿನ ಬರುವಂಥದು, ಕೂಳೆಯ ತುದಿಗಳ ಮೇಲೆ ಬಿದ್ದು ಇಡೀ ಇಳಿಜಾರು ಹಳೆಯ ಕಂಬಳಿಯ ಹಾಗೆ ಕಾಣುತ್ತಿತ್ತು. ಲಯನೆಲ್ ಹೋದಾಗ ಗೆಳೆಯ ಮರ್ವಿನ್ ಥರ್ಕೆಟ್ಲ್ ಆಗಲೇ ಬಂದು ಅರ್ಧ ಸಾಲು ಮುಗಿಸಿದ್ದ. ದೊಡ್ಡ ಆಳು, ಎಪ್ಪತ್ತಮೂರು ವಯಸ್ಸು, ಬೀಟ್‌ರೂಟಿನ ಸಕ್ಕರೆ ಕಾರ್ಖಾನೆಯ ಬಾಗಿಲಲ್ಲಿ ಲಾರಿ ತೂಗುವ ಕಟ್ಟೆಯ ಮೇಲೆ ಇಡೀ ನೌಕರಿ ಕಳೆದವನು. ಲಾರಿಗಳನ್ನು ತೂಗಿ ತೂಗಿ ಅವನ ನಡಿಗೆಗೂ ತೂಕ ಬಂದುಬಿಟ್ಟಿತ್ತು. ಲೋಹ ಹುಡುಕುವ ಡಿಟೆಕ್ಟರನ್ನು ನೆಲದಿಂದ ಎರಡು ಬೆರಳು ಮೇಲೆ ಹಿಡಿದು, ಎಡಕ್ಕೆ ಬಲಕ್ಕೆ, ಎಡಕ್ಕೆ ಬಲಕ್ಕೆ, ತೊಟ್ಟಿಲು ತೂಗಿದಂತೆ ತೂಗುತ್ತ ಬರುತ್ತಿದ್ದ. ಯಂತ್ರ ಕುಂಯ್ ಎಂದಾಗ ನಿಲ್ಲುವುದು, ಚರ್ಚಿನ ಗೋಪುರಕ್ಕೆ ಮುಖ ಮಾಡಿ ಮಂಡಿಯೂರುವುದು, ತೋಡುವುದು, ಎತ್ತಿ ನೋಡುವುದು, ಉಫ್ ಎಂದು ಊದಿ ಚೀಲಕ್ಕೆ ಹಾಕುವುದು. ಗೋಪುರಕ್ಕೆ ಮುಖ ಮಾಡುವುದು ಅವರ ಶೋಧಕರ ಕೂಟದ ಪದ್ಧತಿ, ಎದ್ದಾಗ ಸಾಲು ತಪ್ಪದಿರಲಿ ಎಂದು. ದೂರದಿಂದ ನೋಡಿದವರಿಗೆ ಇಬ್ಬರು ಮುದುಕರಿಗೆ ಆಗಾಗ ಭಕ್ತಿ ಬಂದಂತೆ ಕಾಣುತ್ತಿತ್ತು.

“ಮೂರು ಬಂದೂಕಿನ ತೋಟೆ ತಳ, ಒಂದು ಬಿಯರ್ ಡಬ್ಬಿ ಕಿವಿ, ಒಂದು ಸೀಸದ ಚೂರು,” ಮರ್ವಿನ್ ವರದಿ ಒಪ್ಪಿಸಿದ. “ಹುಡ್ಗಾ, ಈ ಹೊಲಕ್ಕೆ ಕಸ ಗುಡಿಸೋನು ಅಂದ್ರೆ ನಾನೇ ಕಣೋ.”

“ನಾಣ್ಯ ಸಿಕ್ಕಿದೋನು ಹಾಗನ್ಬಾರ್ದು.”

“ಅದು ಬಿಡು.” ಮರ್ವಿನ್ ಕಿವಿಯ ಹೆಡ್‌ಫೋನನ್ನು ಕತ್ತಿಗೆ ಇಳಿಸಿಕೊಂಡ. “ಕುದುರೆ ಮೈದಾನಕ್ಕೆ ಹೋಗೋಣ್ವಾ?”

“ಕುದುರೆ ಇದಾವಲ್ಲೋ.”

“ಕುದುರೆ ಮಾರಿ ಎರಡು ತಿಂಗಳಾಯ್ತು.”

“ಒದ್ದೆ ಇರುತ್ತೆ.”

“ಮಳೆ ಬಂದು ಮೂರು ವಾರ.”

“ಮೊಣಕಾಲು ನೋವು.”

“ಯಾವ್ದು?”

“ಎರಡೂ.”

ಮರ್ವಿನ್ ಅವನ ಎರಡೂ ಮೊಣಕಾಲುಗಳನ್ನು ಸರದಿಯಂತೆ ನೋಡಿ, “ಸರಿ,” ಎಂದು ಹೆಡ್‌ಫೋನು ಏರಿಸಿಕೊಂಡು ಹೋದ. ಬೇಸಿಗೆಯಿಡೀ ಹೀಗೇ. ಪ್ರತಿ ಶನಿವಾರ, ಫ್ಲಾಸ್ಕು ತೆರೆಯುವ ಮುಂಚೆಯೋ ಮುಚ್ಚಿದ ಮೇಲೋ, ಕುದುರೆ ಮೈದಾನಕ್ಕೆ ಹೋಗೋಣ್ವಾ. ಹುಣ್ಣಿನ ಮೇಲೆಯೇ ಬಂದು ಕೂರುವ ನೊಣದಂತೆ. ಪಾಪ, ಅವನಿಗೇನು ಗೊತ್ತು, ತನ್ನ ಅದೃಷ್ಟದ ಜಾಗಕ್ಕೆ ಸ್ನೇಹಿತನನ್ನೂ ಕರೆದೊಯ್ಯಬೇಕೆಂಬ ಆಸೆ ಅಷ್ಟೆ ಎಂದುಕೊಳ್ಳುತ್ತಿದ್ದ ಲಯನೆಲ್.

ಒಂಬತ್ತು ವರ್ಷ ಮರ್ವಿನ್‌ಗೆ ಏನೂ ಸಿಕ್ಕಿರಲಿಲ್ಲ. ಅದೇ ಹೊಲ, ಅದೇ ಸಾಲು, ಲಯನೆಲ್‌ನದಕ್ಕಿಂತ ದುಬಾರಿ ಯಂತ್ರ. ಆದರೂ ಇವನಿಗೆ ರಾಣಿಯ ತಲೆಯ ಬೆಳ್ಳಿ ಕಾಸು ಸಿಕ್ಕರೆ ಅವನಿಗೆ ಮಾರ್ಜರಿನ್ನಿನ ಮುಚ್ಚಳ. ಸಂಜೆ ಕಾರಿನ ಮೂತಿಯ ಮೇಲೆ ಇಬ್ಬರೂ ಚೀಲ ಸುರಿದು ತೋರಿಸಿಕೊಳ್ಳುವಾಗ ಮರ್ವಿನ್ ಇವನ ವಸ್ತುಗಳನ್ನು ಬೆರಳಂಚಿನಿಂದ ತಿರುಗಿಸಿ ತಿರುಗಿಸಿ ನೋಡಿ, “ಚೆನ್ನಾಗಿದೆ ಹುಡ್ಗಾ, ಭಾಳ ಚೆನ್ನಾಗಿದೆ,” ಎನ್ನುತ್ತಿದ್ದ. ಅಸೂಯೆಯ ಎಳೆಯೊಂದು ಅದರಲ್ಲಿದ್ದಿದ್ದರೆ ಎಷ್ಟು ಸುಲಭವಾಗಿತ್ತು! ಇರಲಿಲ್ಲ. ಏಪ್ರಿಲಿನ ಒಂದು ದಿನ ಬೆಳಗ್ಗೆ ಆರಕ್ಕೆ, ಗ್ಲೆನಿಸ್‌ಗೆ ಹಾಲು ತರುತ್ತೇನೆಂದು ಹೇಳಿ ಹೊರಟು, ಲಯನೆಲ್ ಕುದುರೆ ಮೈದಾನದ ಒದ್ದೆ ಹುಲ್ಲಿನಲ್ಲಿ ಮಂಡಿಯೂರಿ, ಮೂರು ಬದಿ ಕತ್ತರಿಸಿ ನಾಲ್ಕನೆಯದನ್ನು ಕೀಲಿನಂತೆ ಬಿಟ್ಟು, ಹುಲ್ಲಿನ ಹೆಂಟೆಯನ್ನು ಪುಟ್ಟ ಕದದಂತೆ ಎತ್ತಿ, ಅದರ ಕೆಳಗೆ ಗೇಣುದ್ದ ಆಳದಲ್ಲಿ ಕಿರುಬೆರಳ ಉಗುರಿನಷ್ಟು ದೊಡ್ಡ ಬೆಳ್ಳಿ ನಾಣ್ಯವೊಂದನ್ನು ಇಟ್ಟಿದ್ದ. ಸಾವಿರದ ಮುನ್ನೂರು ವರ್ಷದ ಹಿಂದಿನದು. ಒಂದು ಕಡೆ ಮುಳ್ಳುಹಂದಿಯಂಥದೇನೋ, ಇನ್ನೊಂದು ಕಡೆ ಮಗು ಗೀಚಿದಂಥ ಚೌಕ. ಪಟ್ಟಣದ ನಾಣ್ಯ ಸಂತೆಯಲ್ಲಿ ಕೊಂಡದ್ದು; ಹೆಂಡತಿಗೆ ಹೇಳಿದ್ದು ಯಂತ್ರದ ತುದಿಗೆ ಹೊಸ ತಟ್ಟೆ ಹಾಕಿಸಿದೆ ಎಂದು. ಮಧ್ಯಾಹ್ನ ಮರ್ವಿನ್‌ನನ್ನು ನೇರ ಆ ಸಾಲಿಗೆ ಹಚ್ಚಿ, ತಾನು ದೂರದ ಓಕ್ ಮರದ ಬುಡದಲ್ಲಿ ಏನನ್ನೋ ಅಗೆಯುವವನಂತೆ ನಟಿಸುತ್ತ, ಕಂಕುಳ ಸಂದಿಯಿಂದ ಕದ್ದು ನೋಡುತ್ತಿದ್ದ.

ಯಂತ್ರ ಕೂಗಿತ್ತು. ಮರ್ವಿನ್ ಮಂಡಿಯೂರಿದ. ತೋಡಿದ. ಆಮೇಲೆ ಬಹಳ ಹೊತ್ತು, ಲಯನೆಲ್‌ನ ಕಾಲು ಜೋಮು ಹಿಡಿಯುವಷ್ಟು ಹೊತ್ತು, ಏಳಲೇ ಇಲ್ಲ. ಬೆನ್ನು ಮಾತ್ರ ಕಾಣುತ್ತಿತ್ತು. ಹತ್ತಿರ ಹೋದಾಗ ಅಂಗೈಯಲ್ಲಿ ನಾಣ್ಯವಿತ್ತು, ಮುಖ ಒದ್ದೆಯಾಗಿತ್ತು. “ನೋಡೋ,” ಅಂದಿದ್ದ, “ಯಾರೋ ನಂಗೋಸ್ಕರ ಇಟ್ಟಂಗಿದೆ.” ಲಯನೆಲ್‌ನ ಕಿವಿ ಕಾದಿತ್ತು. ಆ ಕ್ಷಣದಲ್ಲಿ ತನಗಾದದ್ದು ಸಂತೋಷವೇ ಹೌದೆ? ಆಮೇಲೆ ಎಷ್ಟೋ ಸಲ ಬಗೆದು ನೋಡಿಕೊಂಡ. ಕೊಟ್ಟವನು ತಾನು ಎಂಬ ಗುಟ್ಟಿನ ದೊಡ್ಡಸ್ತಿಕೆ, ಮರದ ಹಿಂದೆ ಕೂತು ಒಬ್ಬನ ಮುಖದ ಮೇಲೆ ಭಾಗ್ಯ ಬರುವುದನ್ನು ತಾನೇ ಗೊತ್ತುಮಾಡಿದ ಹೊತ್ತಿಗೆ ನೋಡುವ ಚಪಲ, ಅವೂ ಇರಲಿಲ್ಲವೆ? ಭಿಕ್ಷೆ ಹಾಕಿದಾಗ ಬಟ್ಟಲಲ್ಲಿ ಕಾಸು ಠಣ್ ಎನ್ನುವುದನ್ನು ಕೇಳಲು ನಿಲ್ಲುವವರಂತೆ.

ಇಷ್ಟಕ್ಕೇ ಮುಗಿದಿದ್ದರೆ ಯಾವ ತೊಂದರೆಯೂ ಇರಲಿಲ್ಲ. ನಾಣ್ಯವನ್ನು ಮರ್ವಿನ್ ಹೊಗೆಸೊಪ್ಪಿನ ಡಬ್ಬಿಯಲ್ಲಿ ಹತ್ತಿ ಹಾಕಿ ಇಟ್ಟುಕೊಂಡು ಸಂತೋಷವಾಗಿರುತ್ತಾನೆ ಎಂದು ಇವನು ಎಣಿಸಿದ್ದ. ಆದರೆ ನಿಯಮ ಪಾಲಿಸುವ ಮನುಷ್ಯ ಅವನು. ಮರುದಿನವೇ ಬಸ್ಸು ಹಿಡಿದು ಟ್ಯಾಮ್ಸಿನ್‌ಗೆ ತೋರಿಸಿ ಬಂದ. ಕುದುರೆ ಮೈದಾನದ ಮೇಲೆ ಕೆಂಪು ಚುಕ್ಕೆ ಬಿತ್ತು. ಸಿಕ್ಕಿದ್ದರಲ್ಲಿ ಅರ್ಧ ನೆಲದ ಒಡತಿಯದು ಎಂದು ಹನ್ನೊಂದು ವರ್ಷದ ಹಿಂದೆ ಲಯನೆಲ್ ಗೇಟಿನ ಬಳಿ ಕೈಕುಲುಕಿ ಮಾಡಿಕೊಂಡ ಒಪ್ಪಂದದಂತೆ, ನಾಣ್ಯ ಹಿಡಿದುಕೊಂಡು ಮಿಸೆಸ್ ಕೆರಿಜ್ ಬಳಿಗೂ ಹೋದ. ಅವರು ಇಟ್ಟುಕೊಳ್ಳಪ್ಪ ಎಂದು, ಮೇಲೆ ಒಂದು ಡಜನ್ ಮೊಟ್ಟೆ ಕೊಟ್ಟು ಕಳಿಸಿದರು. ಅದೇ ವಾರ ನಡೆದ ಕೂಟದ ವಾರ್ಷಿಕ ಸಭೆಯಲ್ಲಿ ವರ್ಷದ ಅತ್ಯುತ್ತಮ ಶೋಧಕ್ಕೆ ಕೊಡುವ ಬಹುಮಾನದ ಕಪ್ಪು ಮರ್ವಿನ್‌ಗೆ ಬಂತು. ಎರಡನೆಯ ಸ್ಥಾನ ಲಯನೆಲ್‌ಗೆ. ನಿಜವಾಗಿ ನೆಲದಿಂದ ಎದ್ದ, ಹಕ್ಕಿತಲೆಯ ಹಿತ್ತಾಳೆ ಬಕಲು ಅವನದು. ಅದನ್ನು ಸೋಲಿಸಿದ್ದು ಅವನೇ ದುಡ್ಡು ಕೊಟ್ಟು ತಂದ ನಾಣ್ಯ. ಎದ್ದು ನಿಂತು ಚಪ್ಪಾಳೆ ತಟ್ಟಿದ್ದ. ಹಾಗೆ ತಟ್ಟುವಾಗ ಒಳಗೆ ಅಸೂಯೆಯ ಚಿಕ್ಕದೊಂದು ಹಲ್ಲು ಕಚ್ಚಿದ್ದು ನೆನೆದರೆ ಇವತ್ತಿಗೂ ನಾಚಿಕೆ.

ಫ್ಲಾಸ್ಕು ತೆರೆದರು. ಬೇಲಿಯ ನೆರಳಲ್ಲಿ ಕೂತು ಹಂದಿಮಾಂಸದ ಪೈ ತಿನ್ನುತ್ತಿದ್ದಾಗ ಮರ್ವಿನ್ ಕೇಳಿದ, “ಭಾಷಣದಲ್ಲಿ ಷಿಲಿಂಗಿನ ಕತೆ ಹೇಳ್ತೀಯಾ?”

“ಅದನ್ಯಾಕೆ? ಅದು ಸಿಕ್ಕಿದ್ದಲ್ಲ, ಕಳೆದಿದ್ದು.”

“ಚೆನ್ನಾಗಿದೆಯಲ್ಲ.”

“ಐವತ್ತು ಸಲ ಕೇಳಿದೀಯ.”

“ಪ್ರತಿ ಸಲಾನೂ ಹೊಸದೇನಾದ್ರೂ ಹೇಳ್ತೀಯ. ಹೋದ ಸಲ ಟಾಫಿ ಬಂತು.”

ಲಯನೆಲ್ ಹದಿನೇಳರ ವಯಸ್ಸಿನಲ್ಲಿ ಗ್ಯಾಸ್ ಮೀಟರಿನವರ ಹತ್ತಿರ ಕೆಲಸಕ್ಕೆ ಸೇರಿದ ಮೊದಲ ದಿನ. ಆಗ ಮನೆಗಳಲ್ಲಿ ಮೀಟರಿಗೆ ಹನ್ನೆರಡು ಪೆನ್ನಿ ಬೆಲೆಯ ಷಿಲಿಂಗು ನಾಣ್ಯ ಹಾಕಿದರೆ ಒಲೆ ಉರಿಯುತ್ತಿತ್ತು. ತಿಂಗಳಿಗೊಮ್ಮೆ ಹೋಗಿ ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲೆ ಸುರಿಯಬೇಕು. ಒಬ್ಬ ವಿಧವೆಯ ಮನೆಯಲ್ಲಿ ಒಂದು ಷಿಲಿಂಗು ಮೇಜಿನಿಂದ ಉರುಳಿ, ಅಡುಗೆಮನೆಯ ಇಡೀ ಉದ್ದ ಓಡಿ, ನೆಲದ ಹಲಗೆಗಳ ಸಂದಿಯೊಳಗೆ ಅಂಚೆ ಹಾಕಿದಂತೆ ಇಳಿದುಹೋಯಿತು. ಮೇಲ್ವಿಚಾರಕ ಲೆಗೆಟ್ ನಂಬಲಿಲ್ಲ. ಆ ಹೆಂಗಸಿನ ಎದುರಿಗೇ ಇವನ ಜೇಬುಗಳನ್ನು ಹೊರಗೆಳೆಸಿದ. ನಾಲಿಗೆ ಚಾಚಿದಂತೆ ಹೊರಬಿದ್ದ ಜೇಬುಗಳಿಂದ ಒಂದು ಬಸ್ಸಿನ ಟಿಕೇಟು, ಒಂದು ಟಾಫಿ. ವಿಧವೆ ಮುಖ ತಿರುಗಿಸಿ ಒಲೆಯ ಕಡೆ ನೋಡುತ್ತ ನಿಂತಳು. ಆಮೇಲೆ ಮೂವತ್ತನಾಲ್ಕು ವರ್ಷ ಅವನು ಜನರ ಮೆಟ್ಟಿಲ ಕೆಳಗಿನ ಕತ್ತಲೆ ಗೂಡುಗಳಿಗೆ ತಲೆ ಹಾಕಿ ಮೀಟರು ಓದಿದ. ಪೊರಕೆ, ಬಾಟಲಿ, ಹಳೆಯ ಪ್ರೇಮಪತ್ರದ ಕಟ್ಟು, ಒಮ್ಮೆ ಒಬ್ಬ ಗಂಡ, ಎಲ್ಲವನ್ನೂ ನೋಡಿಯೂ ನೋಡದವನಂತೆ ಅಂಕಿ ಬರೆದುಕೊಂಡು ಬಂದ. ಒಂದು ಅಂಕಿಯನ್ನೂ ತಪ್ಪು ಬರೆಯಲಿಲ್ಲ. ನೆಲದೊಳಗಿನದನ್ನು ಹುಡುಕುವ ಚಟ ಎಲ್ಲಿಂದ ಬಂತು ಎಂದು ಯಾರಾದರೂ ಕೇಳಿದರೆ ನಗುನಗುತ್ತ ಈ ಕತೆ ಹೇಳುತ್ತಿದ್ದ. ನಗು ಇಲ್ಲದೆ ಅದನ್ನು ಹೇಳುವುದು ಹೇಗೆಂದು ಅವನಿಗೆ ಗೊತ್ತಿರಲಿಲ್ಲ.

“ಅದಿನ್ನೂ ಅಲ್ಲೇ ಇರ್ಬೇಕು ಹುಡ್ಗಾ,” ಮರ್ವಿನ್ ಎಂದಿನಂತೆ ಎಂದ. “ಹಲಗೆ ಕೆಳಗೆ.”

“ಆ ಬೀದೀನೇ ಇಲ್ಲ ಈಗ.”

“ಷಿಲಿಂಗ್ ಎಲ್ಲಿಗೆ ಹೋಗುತ್ತೆ? ನೆಲ ಅಂತೂ ಇದೆಯಲ್ಲ.”

ಮಹಿಳಾ ಸಂಘದ ಸಭಾಂಗಣದಲ್ಲಿ ಇಪ್ಪತ್ತಾರು ಹೆಂಗಸರಿದ್ದರು. ಮೊದಲ ಸಾಲಿನಲ್ಲಿ ಮರ್ವಿನ್, ಮಡಿಲಲ್ಲಿ ಡಬ್ಬಿ. ಕೊನೆಯ ಸಾಲಿನಲ್ಲಿ ಟ್ಯಾಮ್ಸಿನ್, ಮಡಿಲಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಲಯನೆಲ್ ಇಬ್ಬರ ನಡುವೆ ಎಲ್ಲಿ ನೋಡುವುದೆಂದು ತಿಳಿಯದೆ, ಎರಡನೆಯ ಸಾಲಿನಲ್ಲಿ ಆಗಲೇ ತೂಕಡಿಸುತ್ತಿದ್ದ ಮುದುಕಿಯೊಬ್ಬರನ್ನು ಉದ್ದೇಶಿಸಿ ಮಾತಾಡಿದ. ಯಂತ್ರದ ಬೆಲೆ ಹೇಳಿದ. ಪೆಟ್ರೋಲು, ಬ್ಯಾಟರಿ, ಬೂಟು. ಎಲ್ಲೋ ಲಕ್ಷದಲ್ಲೊಬ್ಬನಿಗೆ ನಿಧಿ ಸಿಕ್ಕಿ ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಉಳಿದವರು ಆ ಪತ್ರಿಕೆ ಕೊಳ್ಳುತ್ತಾರೆ ಎಂದ. ಜನ ನಕ್ಕರು. ಹಾಗೆ ನಗಿಸಬಲ್ಲೆ ಎಂದು ಅವನಿಗೇ ಗೊತ್ತಿರಲಿಲ್ಲ, ಕೊಂಚ ಗೆಲುವಾಯಿತು. ಇದೇ ಗೆಲುವಿನಲ್ಲಿ ಎಲ್ಲರೆದುರು ಹೇಳಿಬಿಟ್ಟರೆ? ‘ಇನ್ನೊಂದು ಖರ್ಚಿದೆ, ನಾಣ್ಯ ಕೊಂಡು ಹೂಳುವುದು.’ ಮಾತು ನಾಲಿಗೆಯ ತುದಿಗೆ ಬಂತು. ಆಗ ಮರ್ವಿನ್ ಡಬ್ಬಿಯನ್ನು ಪಕ್ಕದ ಹೆಂಗಸಿಗೆ ಕೊಡುತ್ತ, “ಕೈಗೆ ತಗೋಬಹುದು, ಪರ್ವಾಗಿಲ್ಲ,” ಎನ್ನುವುದು ಕೇಳಿಸಿತು. ಆ ದನಿಯಲ್ಲಿ, ಮೊಮ್ಮಗುವನ್ನು ಎತ್ತಿಕೊಳ್ಳಲು ಕೊಡುವವರ ದನಿಯಿತ್ತು. ಮಾತು ನಾಲಿಗೆಯಿಂದ ಇಳಿದು ಹೋಯಿತು.

“ಹಾಗಾದ್ರೆ ಲಾಭ ಇದೆಯೋ ಇಲ್ವೋ, ಮಿಸ್ಟರ್ ಗ್ಯಾರಡ್?” ಕಾರ್ಯದರ್ಶಿ ಮಿಸೆಸ್ ಪ್ರೈಕ್ ಎದ್ದು ನಿಂತು ಕೇಳಿದರು. “ಒಂದು ಮಾತಲ್ಲಿ ಹೇಳಿ. ನಾನು ವರದಿ ಬರೀಬೇಕು.”

“ಇಲ್ಲ.”

“ಇಲ್ಲ ಅಂದ್ರೆ ಇಷ್ಟು ವರ್ಷದಿಂದ ಯಾಕೆ ಮಾಡ್ತಿದ್ದೀರಿ?”

“ಮನೆಯಿಂದ ಹೊರಗಡೆ ಇರ್ಬಹುದಲ್ಲ,” ಎಂದ ಲಯನೆಲ್. ಹೆಂಗಸರು ತಮ್ಮ ಗಂಡಂದಿರನ್ನು ನೆನೆದು ಅರ್ಥವಾದವರಂತೆ ತಲೆಯಾಡಿಸಿದರು. ತೂಕಡಿಸುತ್ತಿದ್ದ ಮುದುಕಿ ಎಚ್ಚೆತ್ತು, ತನ್ನ ಸೊಸೆಯ ಕಿವಿಯೋಲೆ ಕೋಳಿಗೂಡಿನ ಹತ್ತಿರ ಬಿದ್ದಿದೆಯೆಂದೂ ಇಂಥಾ ಯಂತ್ರದಿಂದ ಅದು ಸಿಕ್ಕೀತೇ ಎಂದೂ ಕೇಳಿದರು.

ಚಹಾ ಕಾಯಿಸುವ ದೊಡ್ಡ ಪಾತ್ರೆಯಿದ್ದ ಪಕ್ಕದ ಕೋಣೆಯಲ್ಲಿ ಟ್ಯಾಮ್ಸಿನ್ ಸಿಕ್ಕಳು. ಸಿಕ್ಕಳೆನ್ನುವುದಕ್ಕಿಂತ, ಲಯನೆಲ್ ಅವಳ ಹಿಂದೆಯೇ ನುಗ್ಗಿ ಬಾಗಿಲು ಎಳೆದುಕೊಂಡ. ಅವಳು ರಟ್ಟಿನ ಪೆಟ್ಟಿಗೆಯನ್ನು ಬಿಸ್ಕತ್ತಿನ ಡಬ್ಬಗಳ ನಡುವೆ ಇಟ್ಟು, “ಕುದುರೆ ಮೈದಾನದ ವಿಷಯ...” ಎಂದು ಶುರುಮಾಡುವಷ್ಟರಲ್ಲಿ ಅವನು ಹೇಳಿಬಿಟ್ಟ. ಸಂತೆ, ನಾಣ್ಯ, ಹಾಲು ತರುವ ನೆಪ, ಓಕ್ ಮರ, ಎಲ್ಲ. ಹೇಳುವಾಗ ಅವನ ಕಣ್ಣು ನೀರಿನ ಪಾತ್ರೆಯ ಮೇಲಿದ್ದ ತನ್ನ ಸೊಟ್ಟ ಪ್ರತಿಬಿಂಬದ ಮೇಲಿತ್ತು. ಹದಿನೇಳರ ಹುಡುಗ ಜೇಬು ಹೊರಗೆಳೆದುಕೊಂಡು ನಿಂತ ಹಾಗೆಯೇ ಇದೆಯಲ್ಲ, ಈ ಸಲ ಮಾತ್ರ ಷಿಲಿಂಗು ನಿಜಕ್ಕೂ ಜೇಬಿನಲ್ಲಿದೆ ಎಂದುಕೊಂಡ. “ನನ್ನ ಹೆಸರಿನ ಚುಕ್ಕೆಗಳನ್ನೆಲ್ಲ ಅಳಿಸಿಬಿಡಿ ಬೇಕಾದ್ರೆ,” ಎಂದ. “ಅವನಿಗೆ ಮಾತ್ರ ಹೇಳ್ಬೇಡಿ. ಅಗೆಸೋದು ಬೇಡ ಅನ್ನೋಕೆ ಬೇರೆ ಏನಾದ್ರೂ ಕಾರಣ ಹೇಳಿ.”

ಟ್ಯಾಮ್ಸಿನ್ ಕೈಯಲ್ಲಿದ್ದ ಬಿಸ್ಕತ್ತನ್ನು ಕೆಳಗಿಟ್ಟಳು. “ಆ ನಾಣ್ಯ ನಕಾಶೇಲೇ ಇಲ್ಲ, ಲಯನೆಲ್.”

“ಅಂದ್ರೆ?”

“ಏಪ್ರಿಲಲ್ಲೇ ತೆಗೆದೆ. ಹತ್ತು ದಿನ ಇತ್ತಷ್ಟೆ.” ಅವಳು ಚಹಾ ಕೊಡುವ ಕಿಂಡಿಯಿಂದ ಹೊರಗೆ ನೋಡಿದಳು. ಅಲ್ಲಿ ಮರ್ವಿನ್ ಮೂರನೆಯ ತುಂಡು ಕೇಕಿಗೆ ನ್ಯಾಯ ಸಲ್ಲಿಸುತ್ತಿದ್ದ. “ಅವರೇ ಬಂದಿದ್ರು. ಒಂದು ಬಕೆಟ್ ಹಿಡ್ಕೊಂಡು, ಬಸ್ಸಲ್ಲಿ. ‘ಆ ಬೆಳ್ಳೀದು ತೆಗೆದುಬಿಡಿ, ಅದು ನೆಲ ಕೊಟ್ಟಿದ್ದಲ್ಲ’ ಅಂದ್ರು. ಹೇಗೆ ಗೊತ್ತು ಅಂದೆ. ‘ಅಲ್ಲಿ ಆಗಲೇ ಒಂದು ಗುಂಡಿ ತೋಡಿತ್ತು, ಎಡಗೈಯವನ ಗುಂಡಿ’ ಅಂದ್ರು.”

ಲಯನೆಲ್ ತನ್ನ ಎಡಗೈ ನೋಡಿಕೊಂಡ. ಗೋಪುರಕ್ಕೆ ಮುಖ ಮಾಡಿ ಮಂಡಿಯೂರಿದರೆ ಉಳಿದವರು ಬಲಗೈಯಿಂದ ಕೊಯ್ದು, ಹೆಂಟೆಯ ಕೀಲನ್ನು ಎಡಕ್ಕೆ ಬಿಡುತ್ತಾರೆ. ಅವನೊಬ್ಬನದೇ ಬಲಕ್ಕೆ. ಇಡೀ ಕೂಟದಲ್ಲಿ ಅವನೊಬ್ಬನೇ ಎಡಚ. ಒಂಬತ್ತು ವರ್ಷ ಪಕ್ಕದ ಸಾಲಿನಲ್ಲಿ ನಡೆದ ಮನುಷ್ಯ ಅವನ ಸಾವಿರಾರು ಗುಂಡಿಗಳನ್ನು ದಾಟಿ ಹೋಗಿದ್ದ. ಅವತ್ತು ಆ ಬೆನ್ನು ಅಷ್ಟು ಹೊತ್ತು ಏಳದೆ ಇದ್ದದ್ದು ನಾಣ್ಯವನ್ನು ನೋಡುತ್ತ ಅಲ್ಲ. ಮೇಲೆದ್ದ ಆ ಪುಟ್ಟ ಕದವನ್ನು ನೋಡುತ್ತ. ಯಾರೋ ನಂಗೋಸ್ಕರ ಇಟ್ಟಂಗಿದೆ.

“ನಿಮಗೆ ಹೇಳಲ್ಲ ಅಂತ ಮಾತು ತಗೊಂಡಿದ್ರು,” ಟ್ಯಾಮ್ಸಿನ್ ಹೇಳುತ್ತಿದ್ದಳು. “‘ಆ ಕಪ್ಪು ವಾಪಸ್ ಕೊಟ್ರೆ ಅವನ ಮಾನ ಹೋಗುತ್ತೆ, ಅದಕ್ಕೆ ಇಟ್ಕೊಂಡಿದೀನಿ, ಬಟ್ಟೆ ಕ್ಲಿಪ್ ಹಾಕಿಡೋಕೆ ಆಗುತ್ತೆ’ ಅಂದ್ರು. ಈಗ ನೀವೇ ಬಾಯಿಬಿಟ್ರಲ್ಲ, ನಾನೇನ್ಮಾಡ್ಲಿ.”

“ನಂಗೆ ಗೊತ್ತಾಯ್ತು ಅಂತ ಅವನಿಗೆ ಗೊತ್ತಾಗ್ಬಾರ್ದು.”

“ನೀವಿಬ್ರೂ ಸೇರಿ ನನ್ನ ಹುಚ್ಚಿ ಮಾಡ್ತೀರಿ.” ಅವಳು ಪೆಟ್ಟಿಗೆಯ ಮುಚ್ಚಳ ತೆಗೆದಳು. “ಅಗೆಸ್ಬೇಕು ಅಂದಿದ್ದು ಇದಕ್ಕೆ. ಆ ಬಕೆಟ್ಟು ಟೇಬಲ್ ಮೇಲಿಟ್ಟು ‘ನಂಗೆ ನೆಲ ಕೊಟ್ಟಿದ್ದು ಇದು, ಬೇಕಾದ್ರೆ ಇದನ್ನ ಬರ್ಕೊಳ್ಳಿ’ ಅಂದ್ರು. ತಮಾಷೆಗೆ ಅಂದಿದ್ದು.”

ಒಂಬತ್ತು ವರ್ಷದ ಕಸ. ಆದರೆ ತೂಕದ ಕಟ್ಟೆಯ ಮನುಷ್ಯ ಚೀಟಿಯಿಲ್ಲದೆ ಯಾವ ಲಾರಿಯನ್ನೂ ಬಿಟ್ಟವನಲ್ಲ. ಪ್ರತಿ ದಿನದ ಕಸವೂ ಒಂದು ಕಾಗದದ ಪೊಟ್ಟಣದಲ್ಲಿ, ಪೊಟ್ಟಣದ ಮೇಲೆ ತಾರೀಕು, ಹೊಲ, ಯಾವ ಬೇಲಿಯಿಂದ ಎಷ್ಟು ಹೆಜ್ಜೆ. ಅವುಗಳಲ್ಲಿ ಕುದುರೆ ಮೈದಾನದ ಒಂದೇ ಮೂಲೆಯ ಪೊಟ್ಟಣಗಳಿಂದ ಟ್ಯಾಮ್ಸಿನ್ ಆರಿಸಿದ್ದು ಏಳು ಸೀಸದ ತುಂಡುಗಳು, ಬಟಾಣಿಯಷ್ಟು, ಹುರುಳಿಯಷ್ಟು. ಲಯನೆಲ್ ಅಂಥವನ್ನು ಎತ್ತಿ ಬೇಲಿಯಾಚೆ ಎಸೆಯುತ್ತಿದ್ದ. “ತೂಕದ ಬಟ್ಟುಗಳು,” ಎಂದಳು ಟ್ಯಾಮ್ಸಿನ್. “ಬೇಸಿಗೆಯಿಡೀ ಕೂತು ತೂಗಿ ನೋಡ್ದೆ, ಒಂದಕ್ಕೊಂದು ಲೆಕ್ಕ ಸರಿಹೋಗುತ್ತೆ. ಆ ಮೂಲೇಲಿ ಸಾವಿರದ ಮುನ್ನೂರು ವರ್ಷದ ಹಿಂದೆ ಯಾರೋ ತಕ್ಕಡಿ ಹಿಡ್ಕೊಂಡು ವ್ಯಾಪಾರ ಮಾಡ್ತಿದ್ರು.”

ಹೊರಗೆ ಬಂದು ಅವಳು ಮರ್ವಿನ್‌ಗೆ ವಿಷಯ ತಿಳಿಸಿದಾಗ ಅವನು ಕೇಕಿನ ತಟ್ಟೆಯನ್ನು ನಿಧಾನಕ್ಕೆ ಕೆಳಗಿಟ್ಟ. ಒಂದು ಬಟ್ಟನ್ನು ಅಂಗೈಯಲ್ಲಿಟ್ಟು, ಕೈಯನ್ನು ಕೊಂಚ ಮೇಲೆ ಕೆಳಗೆ ಆಡಿಸಿ, ನಲವತ್ತು ವರ್ಷದ ಅಭ್ಯಾಸದಿಂದ ಅದರ ಭಾರ ನೋಡಿದ. “ಅಂದ್ರೆ,” ಎಂದ, “ನಂಗಿಂತ ಮುಂಚೆ ಇಲ್ಲೊಬ್ಬ ತೂಗೋನಿದ್ದ.”

“ಇದಕ್ಕೆ ದುಡ್ಡು ಬರುತ್ತಾ?” ಮಿಸೆಸ್ ಪ್ರೈಕ್ ಪೆನ್ನು ಹಿಡಿದು ಕೇಳಿದರು.

“ಒಂದು ಪೆನ್ನಿ ಕೂಡ ಇಲ್ಲ,” ಟ್ಯಾಮ್ಸಿನ್ ಬಹಳ ಸಂತೋಷದಿಂದ ಹೇಳಿದಳು.

ಲಯನೆಲ್ ತನ್ನ ಟೋಪಿ ಹಾಕಿಕೊಂಡ. ಎದೆಯಲ್ಲಿ ಐದು ತಿಂಗಳಿಂದ ಮಡಚಿಟ್ಟಿದ್ದ ಕುರ್ಚಿಯೊಂದನ್ನು ಯಾರೋ ಎತ್ತಿ ಹೊರಗಿಟ್ಟಂತೆ ಜಾಗವಾಗಿತ್ತು. ಏನಾದರೂ ಹೇಳಬೇಕು. ಕ್ಷಮಿಸು ಎಂದರೆ ಗೊತ್ತಾಗಿಬಿಡುತ್ತದೆ. ಧನ್ಯವಾದ ಎಂದರೆ ಇನ್ನೂ ಬೇಗ ಗೊತ್ತಾಗುತ್ತದೆ. “ಇನ್ನೂ ಬೆಳಕಿದೆ,” ಎಂದ. “ಕುದುರೆ ಮೈದಾನಕ್ಕೆ ಹೋಗೋಣ್ವಾ?”

ಮರ್ವಿನ್ ಅವನನ್ನು ನೋಡಿದ. “ಮೊಣಕಾಲು?”

“ಎರಡೂ ಸರಿಹೋಯ್ತು.”

ಬಿಸಿಲು ಇಳಿಯಲು ಇನ್ನೂ ಎರಡು ಗಂಟೆಯಿತ್ತು. ಕುದುರೆಗಳಿಲ್ಲದ ಮೈದಾನದಲ್ಲಿ ಹುಲ್ಲು ಕಾಲಗಂಟಿನವರೆಗೆ ಬೆಳೆದಿತ್ತು. “ಆ ಮೂಲೆ ಟ್ಯಾಮ್ಸಿನ್‌ದು, ಅದನ್ನ ಮುಟ್ಟೋದು ಬೇಡ,” ಎಂದ ಮರ್ವಿನ್. “ನೀನು ಓಕ್ ಮರದಿಂದ ಶುರು ಮಾಡು. ನಾನು ಗೇಟಿನ ಕಡೆಯಿಂದ ಬರ್ತೀನಿ.” ಮತ್ತೆ, ಹತ್ತು ಹೆಜ್ಜೆ ಹೋದ ಮೇಲೆ ತಿರುಗಿ, “ಮರದಿಂದ ನೇರ ಗೋಪುರದ ಕಡೆಗೆ, ಹುಡ್ಗಾ. ಸೊಟ್ಟ ನಡೀಬೇಡ,” ಎಂದ.

ಲಯನೆಲ್ ನೇರವೇ ನಡೆದ. ಹನ್ನೆರಡನೆಯ ಹೆಜ್ಜೆಗೆ ಯಂತ್ರ ಕೂಗಿತು, ಶುಭ್ರವಾದ, ಗಟ್ಟಿಯಾದ ದನಿ. ಬೆಳ್ಳಿಬಣ್ಣದ ದುಂಡನೆಯ ವಸ್ತುವಿಗೆ ಮಾತ್ರ ಬರುವಂಥದು. ಮಂಡಿಯೂರಿದ. ಹುಲ್ಲು ಸರಿಸಿದಾಗ ನೆಲದಲ್ಲಿ ಹಳೆಯ ಹೊಲಿಗೆಯ ಗುರುತಿನಂತೆ ತೆಳ್ಳನೆಯ ಗೆರೆಯೊಂದು ಕಂಡಿತು, ಮೂರು ಬದಿ. ವಸಂತದಲ್ಲಿ ಕೊಯ್ದು ಮುಚ್ಚಿದ್ದು. ಬೇರುಗಳು ಆಗಲೇ ಒಂದಕ್ಕೊಂದು ಹೆಣೆದುಕೊಂಡಿದ್ದವು. ಸಲಿಕೆಯ ತುದಿ ಹಾಕಿ ಎತ್ತಿದ. ಕದ ತೆರೆದುಕೊಂಡಿತು. ಕೀಲು ಎಡಕ್ಕಿತ್ತು.

ಗೇಣುದ್ದ ಕೆಳಗೆ ಒಂದು ಷಿಲಿಂಗು. ಹುಡುಕಿ ತಂದದ್ದಿರಬೇಕು, ಇಂಥವು ಈಗ ಎಲ್ಲಿ ಸಿಗುತ್ತವೆ. ಆ ವಿಧವೆಯ ಮನೆಯ ಕಾಲದ್ದೇ ಮುದ್ರೆ. ಅದನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು ಅವನು ಮಂಡಿಯ ಮೇಲೆಯೇ ಉಳಿದ. ಬೇಸಿಗೆಯಿಡೀ ಇದು ಇಲ್ಲಿ ಕಾದಿತ್ತು. ಬೇಸಿಗೆಯಿಡೀ ಆ ಮನುಷ್ಯ ಪ್ರತಿ ಶನಿವಾರ ಕರೆದಿದ್ದ, ಇವನು ಪ್ರತಿ ಶನಿವಾರ ಒಂದೊಂದು ನೆಪ ಹೇಳಿದ್ದ. ಮೂಗಿನ ತುದಿಯಿಂದ ಏನೋ ಹನಿಯಿತು. ಅವನ ಬೆನ್ನ ಹಿಂದೆ, ಗೇಟಿನ ಕಡೆ, ಯಾರೋ ಏನನ್ನೂ ನೋಡದವರಂತೆ ನೆಲ ಕೆರೆಯುವ ಸದ್ದು ತೀರಾ ಶ್ರದ್ಧೆಯಿಂದ ಕೇಳಿಬರುತ್ತಿತ್ತು. ಅಲ್ಲಿ ಆ ಗಡಸು ನೆಲದಲ್ಲಿ ಅಷ್ಟು ಹೊತ್ತು ಕೆರೆಯುವಂಥದು ಏನೂ ಇರಲು ಸಾಧ್ಯವಿರಲಿಲ್ಲ.

“ಏನಾದ್ರೂ ಸಿಕ್ತಾ ಹುಡ್ಗಾ?”

ಲಯನೆಲ್ ಷಿಲಿಂಗನ್ನು ಪ್ಯಾಂಟಿನ ಜೇಬಿಗೆ ಹಾಕಿದ. ಅದು ತಳ ಮುಟ್ಟುವವರೆಗೂ ಕೈ ತೆಗೆಯಲಿಲ್ಲ. ಹೆಂಟೆಯನ್ನು ಮುಚ್ಚಿ, ಬೂಟಿನಿಂದ ಒತ್ತಿ, ಹುಲ್ಲು ನೆಟ್ಟಗೆ ಮಾಡಿ ಕೂಗಿ ಹೇಳಿದ:

“ಮಿಸೆಸ್ ಪ್ರೈಕ್‌ಗೆ ಹೇಳಿಬಿಡು. ಹನ್ನೆರಡು ಪೆನ್ನಿ ಲಾಭ.”